ಗೇ, ಲೆಸ್ಬಿಯನ್ ಇತಿಹಾಸ: ಮೊದಲ ಪುಸ್ತಕ ಹುಡುಕಿಕೊಳ್ಳುವ ಬಗೆ

ಈ ವಿಷಯದ ಮೇಲೆ ಪುಸ್ತಕಗಳಿಗೇನೂ ಬರವಿಲ್ಲ. 1970ರ ದಶಕದ ನಡುವಿನಿಂದ ಈಚೆಗೆ ಇಂಗ್ಲಿಷೊಂದರಲ್ಲೇ ಜೀವಮಾನವಿಡೀ ಕೂತು ಓದಿದರೂ ಮುಗಿಯದಷ್ಟು ಬಂದಿವೆ. ತೊಡಕಿರುವುದು ಬೇರೆ ಕಡೆ. ಒಂದೇ ವಿಷಯದ ಪುಸ್ತಕಗಳು ಗ್ರಂಥಾಲಯದಲ್ಲಿ ಸಮಾಜಶಾಸ್ತ್ರ, ವೈದ್ಯಕೀಯ, ಕಾನೂನು, ಧರ್ಮ, ಯುದ್ಧದ ಇತಿಹಾಸ ಎಂದು ಹಂಚಿಹೋಗಿವೆ. ಹುಡುಕಬೇಕಾದ ಪದಗಳು ಕಾಲಕಾಲಕ್ಕೆ ಬದಲಾಗಿವೆ. ‘ಪರಿಚಯ’ ಎಂದು ಮುಖಪುಟದಲ್ಲಿ ಹೇಳಿಕೊಂಡ ಪುಸ್ತಕ ಒಳಗೆ ಒಂದೇ ದೇಶದ, ಒಂದೇ ಕಾಲದ, ಬಹುಮಟ್ಟಿಗೆ ಗಂಡಸರದ್ದೇ ಕಥೆಯಾಗಿರುವುದು ಮಾಮೂಲು.

ಹಾಗಾಗಿ ‘ಇದರಲ್ಲಿ ಬೆಸ್ಟ್ ಪುಸ್ತಕ ಯಾವುದು’ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಪುಸ್ತಕ ಯಾವ ದಾಖಲೆಗಳನ್ನು ನೆಚ್ಚಿಕೊಂಡಿದೆ? ಅದು ತಿಳಿದರೆ ಪುಸ್ತಕ ಯಾರನ್ನು ತೋರಿಸುತ್ತದೆ, ಯಾರನ್ನು ಬಿಟ್ಟುಬಿಡುತ್ತದೆ ಎಂಬುದೂ ತಿಳಿಯುತ್ತದೆ. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಹಂತ 1: ಹುಡುಕಾಟವನ್ನು ಕಿರಿದು ಮಾಡಿಕೊಳ್ಳಿ

ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಯಾವ ಜಾಗ, ಯಾವ ಕಾಲ, ಯಾರ ಕಥೆ. ‘ಜಗತ್ತಿನ ಗೇ ಇತಿಹಾಸ’ ಎಂದು ಬರೆದರೆ ಸಿಗುವುದು ಮೇಲ್ಮೇಲಿನ ಪುಸ್ತಕ. ‘20ನೇ ಶತಮಾನದ ಬರ್ಲಿನ್’, ‘ಎರಡನೇ ಮಹಾಯುದ್ಧದ ಸೈನಿಕರು’, ‘19ನೇ ಶತಮಾನದ ಇಂಗ್ಲೆಂಡಿನ ಹೆಂಗಸರು’ ಎಂದು ಬರೆದರೆ ಹುಡುಕಾಟಕ್ಕೆ ಹಿಡಿತ ಸಿಗುತ್ತದೆ. ಏನೂ ಗೊತ್ತಿಲ್ಲದವರು ಹೇಗೆ ಕಿರಿದು ಮಾಡಿಕೊಳ್ಳಬೇಕು? ಅಂಥವರು ತಮಗೆ ಮೊದಲೇ ಇತಿಹಾಸ ಸ್ವಲ್ಪ ಗೊತ್ತಿರುವ ದೇಶವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹಿನ್ನೆಲೆ ಗೊತ್ತಿಲ್ಲದ ದೇಶದ ಪುಸ್ತಕದಲ್ಲಿ ಪ್ರಧಾನಿಗಳ ಹೆಸರು, ಕಾಯ್ದೆಗಳ ಹೆಸರುಗಳಲ್ಲೇ ಅರ್ಧ ಶಕ್ತಿ ಕಳೆದುಹೋಗುತ್ತದೆ.

ಜೊತೆಗೆ ಇನ್ನೊಂದು ನಿರ್ಧಾರವೂ ಆಗಬೇಕು. ನಿಮಗೆ ಬೇಕಿರುವುದು ಚಳವಳಿಯ ಇತಿಹಾಸವೋ, ಜನಜೀವನದ ಇತಿಹಾಸವೋ? ಎರಡೂ ಬೇರೆ ಬೇರೆ. ಚಳವಳಿಯ ಇತಿಹಾಸದಲ್ಲಿ ಸಂಘಟನೆಗಳು, ನಾಯಕರು, ಕೋರ್ಟ್ ತೀರ್ಪುಗಳು ಬರುತ್ತವೆ. ಜನಜೀವನದ ಇತಿಹಾಸದಲ್ಲಿ ಬಾಡಿಗೆ ಕೋಣೆ, ಬಾರು, ಪಾರ್ಕು, ಕಾಗದಪತ್ರ, ಸ್ನೇಹಿತರ ಬಳಗ ಬರುತ್ತವೆ. ಒಂದನ್ನು ಬಯಸಿ ಇನ್ನೊಂದನ್ನು ತಂದುಕೊಂಡವರು ಮೂವತ್ತನೇ ಪುಟಕ್ಕೆ ಪುಸ್ತಕ ಮಡಚಿಡುತ್ತಾರೆ.

ಹಂತ 2: ಪುಸ್ತಕ ಯಾವ ಬಗೆಯದು ನೋಡಿ

ಹೊಸಬರಿಗೆ ಸರಿಹೊಂದುವ ಮೊದಲ ಬಗೆಯೆಂದರೆ ಒಬ್ಬರೇ ಬರೆದ ಸಮೀಕ್ಷೆ. ಮೈಕೇಲ್ ಬ್ರಾನ್‌ಸ್ಕಿಯವರ ‘ಎ ಕ್ವಿಯರ್ ಹಿಸ್ಟರಿ ಆಫ್ ದ ಯುನೈಟೆಡ್ ಸ್ಟೇಟ್ಸ್’ (2011) ಈ ಬಗೆಯದು. 1492ರಿಂದ ಹೊರಟು 20ನೇ ಶತಮಾನದ ಕೊನೆಯ ದಶಕದ ತನಕ ಬರುತ್ತದೆ. ಇದನ್ನು ಎಳೆಯರಿಗಾಗಿ ಸರಳಗೊಳಿಸಿದ ರೂಪ 2019ರಲ್ಲಿ ಬಂದಿದೆ. ಇಂಗ್ಲಿಷ್ ಓದುವ ಅಭ್ಯಾಸ ಕಡಿಮೆಯಿರುವ ದೊಡ್ಡವರೂ ಅದನ್ನು ಧಾರಾಳವಾಗಿ ಹಿಡಿಯಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಲೀಲಾ ರಪ್ ಅವರ ‘ಎ ಡಿಸೈರ್ಡ್ ಪಾಸ್ಟ್’ (1999) ಇದಕ್ಕಿಂತ ಚಿಕ್ಕದು. ಲಿಲಿಯನ್ ಫೇಡರ್‌ಮನ್ ಅವರ ‘ದ ಗೇ ರೆವಲ್ಯೂಷನ್’ (2015) ಎಂಟುನೂರು ಪುಟಗಳ ಆಸುಪಾಸಿನದು. ಓದಿಸಿಕೊಂಡು ಹೋಗುತ್ತದೆ, ಆದರೆ ಅದು ಮುಖ್ಯವಾಗಿ ಅಮೆರಿಕದ ಹಕ್ಕುಗಳ ಹೋರಾಟದ ಕಥೆ. ಪರಿಚಯಕ್ಕೆಂದು ಅದನ್ನೇ ಮೊದಲು ಎತ್ತಿಕೊಂಡರೆ ಭಾರವಾದೀತು.

ಎರಡನೆಯದು ಹಲವರ ಲೇಖನಗಳ ಸಂಪುಟ. 1989ರಲ್ಲಿ ಡೂಬರ್‌ಮನ್, ವಿಸಿನಸ್, ಚಾನ್ಸಿ ಮೂವರೂ ಸೇರಿ ಸಂಪಾದಿಸಿದ ‘ಹಿಡನ್ ಫ್ರಂ ಹಿಸ್ಟರಿ’, ರಾಬರ್ಟ್ ಆಲ್ಡ್ರಿಚ್ ಸಂಪಾದಿಸಿದ ‘ಗೇ ಲೈಫ್ ಅಂಡ್ ಕಲ್ಚರ್: ಎ ವರ್ಲ್ಡ್ ಹಿಸ್ಟರಿ’ (2006) ಇಂಥವು. ಬೇಕಾದ ಅಧ್ಯಾಯದಿಂದ ಶುರು ಮಾಡಬಹುದು ಎಂಬುದು ಇವುಗಳ ಅನುಕೂಲ. ಅಧ್ಯಾಯಗಳ ಮಟ್ಟ ಒಂದೇ ಸಮ ಇರುವುದಿಲ್ಲ ಎಂಬುದು ತೊಡಕು.

ಮೂರನೆಯದು ಮೂಲ ದಾಖಲೆಗಳ ಸಂಗ್ರಹ. ಜೊನಾಥನ್ ನೆಡ್ ಕಾಟ್ಜ್ ಅವರ ‘ಗೇ ಅಮೆರಿಕನ್ ಹಿಸ್ಟರಿ’ (1976) ಈ ದಾರಿಯಲ್ಲಿ ಮೊದಲ ದೊಡ್ಡ ಕೆಲಸಗಳಲ್ಲೊಂದು. ರೂತ್ ವನಿತಾ, ಸಲೀಂ ಕಿದ್ವಾಯಿ ಸಂಪಾದಿಸಿದ ‘ಸೇಮ್-ಸೆಕ್ಸ್ ಲವ್ ಇನ್ ಇಂಡಿಯಾ’ (2000) ಹಲವು ಭಾರತೀಯ ಭಾಷೆಗಳ ಬರಹಗಳನ್ನು ಅನುವಾದಿಸಿ, ಪ್ರತಿಯೊಂದಕ್ಕೂ ಪೀಠಿಕೆ ಕೊಟ್ಟು ಜೋಡಿಸಿದ ಸಂಪುಟ. ಇಂಥ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಲು ಹೊರಡಬೇಡಿ. ಸಮೀಕ್ಷೆಯೊಂದರ ಪಕ್ಕದಲ್ಲಿಟ್ಟುಕೊಂಡು ತೆರೆದು ನೋಡುತ್ತಿರಬೇಕು.

ಇನ್ನು ಒಂದು ಊರು, ಒಂದು ಕಾಲವನ್ನೇ ಹಿಡಿದು ಬರೆದ ಅಧ್ಯಯನಗಳಿವೆ. ಜಾರ್ಜ್ ಚಾನ್ಸಿಯವರ ‘ಗೇ ನ್ಯೂಯಾರ್ಕ್’ (1994) 1890ರಿಂದ 1940ರವರೆಗಿನ ಒಂದೇ ನಗರದ್ದು. ರಾಬರ್ಟ್ ಬೀಚಿಯವರ ‘ಗೇ ಬರ್ಲಿನ್’ (2014) ಜರ್ಮನಿಯದ್ದು. ಇವನ್ನು ‘ಪರಿಚಯ’ ಎಂದು ಯಾರೂ ಕರೆಯುವುದಿಲ್ಲ. ಆದರೂ ನಮ್ಮ ಅಭಿಪ್ರಾಯ ಕೇಳಿದರೆ, ಚೆನ್ನಾಗಿ ಬರೆದ ಇಂಥ ಒಂದು ಪುಸ್ತಕ ಮೂರು ಅವಸರದ ಸಮೀಕ್ಷೆಗಳಿಗಿಂತ ಹೆಚ್ಚು ಕಲಿಸುತ್ತದೆ.

ಆತ್ಮಕಥೆ, ಕಾದಂಬರಿ, ಸಿದ್ಧಾಂತ ಇವು ಇತಿಹಾಸದ ಪಕ್ಕದಲ್ಲಿ ಕೂರುವಂಥವು, ಇತಿಹಾಸವೇ ಅಲ್ಲ. ಮಿಶೆಲ್ ಫೂಕೋ 1976ರಲ್ಲಿ ಫ್ರೆಂಚಿನಲ್ಲಿ ತಂದ ಲೈಂಗಿಕತೆಯ ಇತಿಹಾಸದ ಮೊದಲ ಸಂಪುಟದ ಹೆಸರಿನಲ್ಲಿ ‘ಇತಿಹಾಸ’ ಎಂದಿದೆ ಅಂತ ಅದರಿಂದಲೇ ಶುರು ಮಾಡುವವರು ಬಹಳ. ಅದು ತಾತ್ವಿಕ ಗ್ರಂಥ. ಎರಡು ಮೂರು ಇತಿಹಾಸ ಪುಸ್ತಕ ಓದಿಕೊಂಡು ಹೋದರೆ ಅದು ಏನು ವಾದಿಸುತ್ತಿದೆ ಎಂಬುದು ಹಿಡಿಗೆ ಸಿಗುತ್ತದೆ.

ಕನ್ನಡದಲ್ಲಿ ಏನಿದೆ ಎಂದು ಕೇಳುವವರಿಗೆ: ವಸುಧೇಂದ್ರರ ‘ಮೋಹನಸ್ವಾಮಿ’ (2013) ಕಥಾಸಂಕಲನ, ದು. ಸರಸ್ವತಿ ಕನ್ನಡಕ್ಕೆ ತಂದ ಎ. ರೇವತಿಯವರ ‘ಬದುಕು ಬಯಲು’ ಆತ್ಮಕಥೆ. ಎರಡೂ ಓದಲೇಬೇಕಾದವು. ಆದರೆ ಒಂದು ಸಾಹಿತ್ಯ, ಇನ್ನೊಂದು ಟ್ರಾನ್ಸ್‌ಜೆಂಡರ್ ಬದುಕಿನ ಕಥನ. ಈ ಲೇಖನ ಹುಡುಕುತ್ತಿರುವ ಬಗೆಯ ಇತಿಹಾಸಕ್ಕೆ ಸದ್ಯ ಇಂಗ್ಲಿಷಿನ ಕಡೆಗೇ ಹೆಚ್ಚು ಕೈ ಚಾಚಬೇಕಾಗುತ್ತದೆ.

ಹಂತ 3: ಆಧಾರ ಎಲ್ಲಿಂದ ಬಂತು ಎಂದು ಕೇಳಿ

ಮುನ್ನುಡಿಯಲ್ಲಿ, ಇಲ್ಲವೇ ಕೊನೆಯ ಟಿಪ್ಪಣಿಗಳಲ್ಲಿ ಲೇಖಕರು ಬಳಸಿದ ದಾಖಲೆಗಳ ವಿವರ ಇರುತ್ತದೆ. ಹಳೆಯ ಕಾಲದ ಮಟ್ಟಿಗೆ ಅವು ಬಹುಪಾಲು ಪೊಲೀಸರ, ನ್ಯಾಯಾಲಯಗಳ, ಚರ್ಚುಗಳ, ವೈದ್ಯರ ಕಾಗದಗಳು. ಅಂದರೆ ಸಿಕ್ಕಿಬಿದ್ದವರ ದಾಖಲೆಗಳು. ಸಿಕ್ಕಿಬೀಳದೆ ನೆಮ್ಮದಿಯಾಗಿ ಬದುಕಿದವರು ಅದರಲ್ಲಿ ಬರುವುದೇ ಇಲ್ಲ.

ಹೆಂಗಸರ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಸಲಿಂಗ ಸಂಬಂಧವನ್ನು ಶಿಕ್ಷಿಸುತ್ತಿದ್ದ ಬ್ರಿಟನ್ನಿನ 1885ರ ಕಾಯ್ದೆಯ ಕಲಮು, 1895ರಲ್ಲಿ ಲೇಖಕ ಆಸ್ಕರ್ ವೈಲ್ಡ್‌ಗೆ ಶಿಕ್ಷೆಯಾದದ್ದು ಅದರಡಿಯಲ್ಲೇ, ಗಂಡಸರಿಗೆ ಮಾತ್ರ ಅನ್ವಯಿಸುತ್ತಿತ್ತು. 1921ರಲ್ಲಿ ಅದನ್ನು ಹೆಂಗಸರಿಗೂ ವಿಸ್ತರಿಸುವ ಪ್ರಯತ್ನ ಕೆಳಮನೆಯಲ್ಲಿ ಗೆದ್ದು ಮೇಲ್ಮನೆಯಲ್ಲಿ ಬಿತ್ತು. ಸಲಿಂಗ ಸಂಬಂಧವನ್ನು ಅಪರಾಧವೆಂದ ಜರ್ಮನಿಯ ದಂಡಸಂಹಿತೆಯ 175ನೇ ಕಲಮೂ ಹೆಂಗಸರನ್ನು ಹೊರಗಿಟ್ಟಿತ್ತು. ಅಪರಾಧವಲ್ಲದ ಮೇಲೆ ಕೇಸಿಲ್ಲ, ಕೇಸಿಲ್ಲದ ಮೇಲೆ ಫೈಲಿಲ್ಲ. ಕೋರ್ಟ್ ಫೈಲುಗಳನ್ನೇ ನೆಚ್ಚಿಕೊಂಡು ಬರೆದ ‘ಗೇ ಮತ್ತು ಲೆಸ್ಬಿಯನ್’ ಇತಿಹಾಸದಲ್ಲಿ ಲೆಸ್ಬಿಯನ್ನರು ಎರಡು ಅಧ್ಯಾಯಕ್ಕೆ ಇಳಿದುಬಿಡಲು ಮುಖ್ಯ ಕಾರಣ ಇದು.

ಹೆಂಗಸರ ಇತಿಹಾಸ ಕಾಗದ, ದಿನಚರಿ, ಸಂದರ್ಶನಗಳ ಮೇಲೆ ಬೆಳೆದಿದೆ. ಇಂಗ್ಲೆಂಡಿನ ಯಾರ್ಕ್‌ಶೈರಿನ ಆನ್ ಲಿಸ್ಟರ್ (1791–1840) ಬರೆದ ದಿನಚರಿಯಲ್ಲಿ ಸುಮಾರು 50 ಲಕ್ಷ ಪದಗಳಿವೆ. ಅದರ ಆರರಲ್ಲೊಂದು ಪಾಲನ್ನು ಆಕೆ ಗ್ರೀಕ್ ಅಕ್ಷರ, ಬೀಜಗಣಿತದ ಚಿಹ್ನೆಗಳನ್ನು ಬೆರೆಸಿ ಗುಪ್ತಲಿಪಿಯಲ್ಲಿ ಬರೆದಿದ್ದಳು. ಹೆಂಗಸರೊಡನೆ ತನಗಿದ್ದ ಸಂಬಂಧದ ವಿವರ ಇರುವುದು ಆ ಭಾಗದಲ್ಲೇ. ಹೆಲೆನಾ ವಿಟ್‌ಬ್ರೆಡ್ ಅವುಗಳನ್ನು ಬಿಡಿಸಿ ಆಯ್ದ ಭಾಗಗಳನ್ನು ಮೊದಲ ಬಾರಿಗೆ ಪುಸ್ತಕವಾಗಿ ತಂದದ್ದು 1988ರಲ್ಲಿ. ಅದಕ್ಕೂ ಏಳು ವರ್ಷ ಮುಂಚೆ, 1981ರಲ್ಲಿ, ಫೇಡರ್‌ಮನ್ ತಮ್ಮ ‘ಸರ್ಪಾಸಿಂಗ್ ದ ಲವ್ ಆಫ್ ಮೆನ್’ ಪುಸ್ತಕದಲ್ಲಿ ಹಿಂದಿನ ಶತಮಾನಗಳ ಹೆಂಗಸರ ಗಾಢ ಸ್ನೇಹಗಳಲ್ಲಿ ದೈಹಿಕ ಸಂಬಂಧ ಅಷ್ಟಾಗಿ ಇದ್ದಿರಲಾರದು ಎಂಬ ಕಡೆಗೆ ವಾಲಿದ್ದರು. ಲಿಸ್ಟರ್ ದಿನಚರಿ ಬಂದ ಮೇಲೆ ಆ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವುದು ಕಷ್ಟವಾಯಿತು. ಫೇಡರ್‌ಮನ್ ಪುಸ್ತಕ ಇದರಿಂದ ಕೆಲಸಕ್ಕೆ ಬಾರದ್ದಾಗಲಿಲ್ಲ, ಇಂದಿಗೂ ಓದಬೇಕಾದ್ದೇ. ಆದರೆ 1988ಕ್ಕಿಂತ ಮೊದಲು ಬಂದದ್ದು ಎಂಬ ನೆನಪಿಟ್ಟುಕೊಂಡು ಓದಬೇಕು.

ಸಂದರ್ಶನಗಳಿಗೆ ಒಳ್ಳೆಯ ಮಾದರಿ ಕೆನಡಿ ಮತ್ತು ಡೇವಿಸ್ ಅವರ ‘ಬೂಟ್ಸ್ ಆಫ್ ಲೆದರ್, ಸ್ಲಿಪ್ಪರ್ಸ್ ಆಫ್ ಗೋಲ್ಡ್’ (1993). ನ್ಯೂಯಾರ್ಕ್ ರಾಜ್ಯದ ಬಫಲೋ ಎಂಬ ಕೈಗಾರಿಕಾ ನಗರದ, ಬಾರುಗಳ ಸುತ್ತ ಬೆಳೆದ ದುಡಿಯುವ ವರ್ಗದ ಲೆಸ್ಬಿಯನ್ನರ ಲೋಕವನ್ನು ಅವರದೇ ಮಾತುಗಳಿಂದ ಕಟ್ಟಿದ ಪುಸ್ತಕ. ಸಂದರ್ಶನಕ್ಕೂ ಮಿತಿಯಿದೆ. ಬದುಕಿರುವವರ ನೆನಪು ಹೋಗುವಷ್ಟೇ ಹಿಂದಕ್ಕೆ ಅದೂ ಹೋಗಬಲ್ಲದು. ಪೊಲೀಸರ ಕಾಗದಗಳಿಂದಲೇ ಜನರ ಬದುಕನ್ನು ಹಿಂಜಿ ತೆಗೆಯುವ ಕಸುಬು ನೋಡಬೇಕೆನ್ನುವವರಿಗೆ ಚಾನ್ಸಿಯವರ ಟಿಪ್ಪಣಿಗಳೇ ಪಾಠ. ‘ಅನೈತಿಕತೆ’ ಪತ್ತೆಹಚ್ಚಲು ಹೊರಟಿದ್ದ ಖಾಸಗಿ ಸಮಿತಿಗಳ ಗುಪ್ತ ವರದಿಗಳಿಂದ ಅವರು ನ್ಯೂಯಾರ್ಕಿನ ಬೀದಿ, ಬಾರುಗಳ ನಕ್ಷೆಯನ್ನೇ ಎಬ್ಬಿಸಿದ್ದಾರೆ.

ಹಂತ 4: ಕ್ಯಾಟಲಾಗ್‌ನಲ್ಲಿ ಹುಡುಕುವ ಕ್ರಮ

ಗ್ರಂಥಾಲಯದ ಕ್ಯಾಟಲಾಗ್ ಇರಲಿ, ಜಗತ್ತಿನ ಸಾವಿರಾರು ಗ್ರಂಥಾಲಯಗಳ ಕ್ಯಾಟಲಾಗನ್ನು ಒಟ್ಟಿಗೆ ತೋರಿಸುವ ವರ್ಲ್ಡ್‌ಕ್ಯಾಟ್ ಇರಲಿ, ‘ಗೇ ಲೆಸ್ಬಿಯನ್ ಹಿಸ್ಟರಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕಾದಂಬರಿ, ಪ್ರವಾಸಿ ಕೈಪಿಡಿ, ಪ್ರಬಂಧ, ಸಿನಿಮಾ ಎಲ್ಲ ಕಲಸಿಕೊಂಡು ಬರುತ್ತವೆ. ಅದಕ್ಕಿಂತ ನೇರವಾದ ದಾರಿ ಹೀಗೆ:

1. ಒಳ್ಳೆಯದೆಂದು ಈಗಾಗಲೇ ಗೊತ್ತಿರುವ ಒಂದು ಪುಸ್ತಕವನ್ನು ಹೆಸರಿನಿಂದ ಹುಡುಕಿ. ‘ಹಿಡನ್ ಫ್ರಂ ಹಿಸ್ಟರಿ’ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.
2. ಅದರ ಪೂರ್ಣ ದಾಖಲೆ ತೆರೆಯಿರಿ. ಕೆಳಗೆ ‘ಸಬ್ಜೆಕ್ಟ್ಸ್’ ಎಂಬ ಸಾಲಿನಲ್ಲಿ ‘ಹೋಮೋಸೆಕ್ಷುಯಾಲಿಟಿ – ಹಿಸ್ಟರಿ’ ಬಗೆಯ ವಿಷಯ ಶೀರ್ಷಿಕೆಗಳು ಇರುತ್ತವೆ. ಅವು ಲಿಂಕುಗಳು.
3. ಅದನ್ನು ಒತ್ತಿ. ಈಗ ಬರುವುದು ಪದ ಹೊಂದಿದ್ದಕ್ಕೆ ಬಂದ ಪಟ್ಟಿಯಲ್ಲ, ಕ್ಯಾಟಲಾಗ್ ಮಾಡಿದವರು ಪುಸ್ತಕ ನೋಡಿ ಗುಂಪು ಮಾಡಿದ ಪಟ್ಟಿ.
4. ಭಾಷೆ, ‘ಪುಸ್ತಕ ಮಾತ್ರ’ ಎಂಬ ಫಿಲ್ಟರ್ ಹಾಕಿ, ಪ್ರಕಟಣೆಯ ವರ್ಷದ ಪ್ರಕಾರ ಜೋಡಿಸಿ.
5. ದೇಶ ಬೇಕಿದ್ದರೆ ಶೀರ್ಷಿಕೆಯ ನಡುವೆ ದೇಶದ ಹೆಸರು ಬರುವ ರೂಪ ಹುಡುಕಿ: ‘ಗೇ ಮೆನ್ – ಯುನೈಟೆಡ್ ಸ್ಟೇಟ್ಸ್ – ಹಿಸ್ಟರಿ’, ‘ಲೆಸ್ಬಿಯನ್ಸ್ – ಗ್ರೇಟ್ ಬ್ರಿಟನ್ – ಹಿಸ್ಟರಿ’.

ಗಂಡಸರದು, ಹೆಂಗಸರದು ಬೇರೆ ಬೇರೆ ಶೀರ್ಷಿಕೆಗಳು ಎಂಬುದನ್ನು ಮರೆಯಬೇಡಿ. ‘ಗೇ’ ಒಂದನ್ನೇ ಹುಡುಕಿ ಲೆಸ್ಬಿಯನ್ ಇತಿಹಾಸವೇ ಇಲ್ಲ ಎಂದುಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯವಾದ ಎಡವಟ್ಟು. ‘ಲೆಸ್ಬಿಯನ್ಸ್’, ‘ಲೆಸ್ಬಿಯನಿಸಂ’ ಎರಡನ್ನೂ ಪ್ರತ್ಯೇಕವಾಗಿ ಒತ್ತಿ ನೋಡಿ. ಹಳೆಯ ದಾಖಲೆಗಳಲ್ಲಿ ‘ಗೇಸ್’ ಎಂದಿದ್ದದ್ದು ಹೊಸವುಗಳಲ್ಲಿ ‘ಗೇ ಪೀಪಲ್’ ಆಗಿದೆ. ‘ಸೆಕ್ಷುಯಲ್ ಮೈನಾರಿಟೀಸ್’ ಎಂಬುದು ಎಲ್ಲರನ್ನೂ ಒಳಗೊಂಡ ಅಗಲ ಶೀರ್ಷಿಕೆ, ಕಡೆಗೆ ನೋಡಿದರೂ ಸಾಕು.

ಕಾಲಕ್ಕೆ ತಕ್ಕ ಪದ ಹಾಕುವುದೂ ಬೇಕಾಗುತ್ತದೆ. ‘ಹೋಮೋಸೆಕ್ಷುಯಲ್’ ಪದ ಜರ್ಮನ್ ಭಾಷೆಯಲ್ಲಿ ಮೊದಲು ಅಚ್ಚಾದದ್ದು 1869ರಲ್ಲಿ, ಕಾರ್ಲ್ ಮರಿಯಾ ಕೆರ್ಟ್‌ಬೆನಿಯ ಕರಪತ್ರಗಳಲ್ಲಿ. ಅದಕ್ಕಿಂತ ಹಿಂದಿನ ಯುರೋಪಿನ ಬಗ್ಗೆ ಬರೆದ ಪುಸ್ತಕಗಳ ಹೆಸರಿನಲ್ಲಿ ‘ಸಾಡಮಿ’ ಎಂದಿರುವ ಸಾಧ್ಯತೆ ಹೆಚ್ಚು. 19ನೇ ಶತಮಾನದ ಕೊನೆಗೆ ‘ಇನ್ವರ್ಷನ್’, 1950ರ ದಶಕದ ಸಂಘಟನೆಗಳಿಗೆ ‘ಹೋಮೋಫೈಲ್’, ಹೆಂಗಸರಿಗೆ ‘ರೊಮ್ಯಾಂಟಿಕ್ ಫ್ರೆಂಡ್‌ಶಿಪ್’, ‘ಬಾಸ್ಟನ್ ಮ್ಯಾರೇಜ್’ (ಇಬ್ಬರು ಹೆಂಗಸರು ಜೊತೆಯಾಗಿ ಬಾಳುವುದು), ‘ಫೀಮೇಲ್ ಹಸ್ಬೆಂಡ್’ (ಗಂಡಸಾಗಿ ಬದುಕಿ ಹೆಣ್ಣನ್ನು ಮದುವೆಯಾದವರು). ನಕ್ಷತ್ರ ಚಿಹ್ನೆ ಒಪ್ಪುವ ಕ್ಯಾಟಲಾಗ್‌ನಲ್ಲಿ ಇಂಗ್ಲಿಷಿನ ‘ಹೋಮೋಸೆಕ್ಷುಯಲ್’ ಬರೆದು ಕೊನೆಗೆ ನಕ್ಷತ್ರ ಹಾಕಿದರೆ ಆ ಪದದ ಎಲ್ಲ ರೂಪಗಳೂ ಒಮ್ಮೆಲೇ ಬರುತ್ತವೆ.

ಹಂತ 5: ಕಪಾಟಿನ ಮುಂದೆ

ಪುಸ್ತಕಗಳಿಗೆ ವಿಷಯಕ್ಕೆ ತಕ್ಕ ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿ ಇರುವ ಗ್ರಂಥಾಲಯದಲ್ಲಿ ನೇರವಾಗಿ 306.766ಕ್ಕೆ ಹೋಗಿ. 306.7662 ಗಂಡಸರದು, 306.7663 ಹೆಂಗಸರದು. ಮುಂದೆ 09 ಸೇರಿದರೆ ಇತಿಹಾಸ ಅಥವಾ ಪ್ರದೇಶ, ಅದರ ಮುಂದಿನ ಅಂಕೆ ದೇಶದ್ದು. 306.7660973 ಎಂದಿದ್ದರೆ ಕೊನೆಯ 73 ಅಮೆರಿಕ.

ಇಷ್ಟಕ್ಕೇ ನಿಲ್ಲಬೇಡಿ. ಡ್ಯೂಯಿಯ ಹಿಂದಿನ ಆವೃತ್ತಿಗಳಲ್ಲಿ ಈ ಪುಸ್ತಕಗಳಿಗೆ 305.90664 ಎಂಬ ಸಂಖ್ಯೆ ಇತ್ತು. ಗಂಡಸರಿಗೆ 305.389664, ಹೆಂಗಸರಿಗೆ 305.489664. 1990ರ ದಶಕದಲ್ಲಿ ಕೊಂಡ ಪುಸ್ತಕಗಳ ಬೆನ್ನಿಗೆ ಇಂದಿಗೂ ಅದೇ ಚೀಟಿ ಇರಬಹುದು, ಏಕೆಂದರೆ ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಲು ಎಲ್ಲ ಗ್ರಂಥಾಲಯಗಳಿಗೂ ಪುರುಸೊತ್ತಿರುವುದಿಲ್ಲ. 1970ರ ದಶಕದವಾದರೆ 301.4157ರಲ್ಲಿ ನೋಡಿ. ಇನ್ನೂ ಕೆಲವು 616.8583ರಲ್ಲಿ, ಅಂದರೆ ವೈದ್ಯಕೀಯದ ಕಪಾಟಿನಲ್ಲಿ, ಮನೋರೋಗಗಳ ಪಕ್ಕದಲ್ಲಿ ಕೂತಿರುತ್ತವೆ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಕಪಾಟುಗಳು ಅದೇ ವೇಗದಲ್ಲಿ ಬದಲಾಗಲಿಲ್ಲ.

ಎರಡನೇ ಮಹಾಯುದ್ಧದ ಪುಸ್ತಕಗಳು, ನಾಜಿ ಶಿಬಿರಗಳಲ್ಲಿ ಸಲಿಂಗಿ ಗಂಡಸರೆಂಬ ಗುರುತಿಗೆ ಗುಲಾಬಿ ತ್ರಿಕೋನ ಹೊತ್ತವರ ನೆನಪುಗಳು 940.53ರಲ್ಲಿ ಇರಬಹುದು. ಧರ್ಮದ ಇತಿಹಾಸ 200ರ ಸಾಲಿನಲ್ಲಿ, ಕಾನೂನು 340ರ ಸಾಲಿನಲ್ಲಿ.

ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿ ಬಳಸುವ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಸುಲಭ. ಎಚ್‌ಕ್ಯೂ 75ರಿಂದ ಎಚ್‌ಕ್ಯೂ 76.8ರವರೆಗೆ ಹೆಚ್ಚಿನವೆಲ್ಲ ಒಂದೇ ಕಡೆ: 75.5 ಲೆಸ್ಬಿಯನ್ ಸಾಮಾನ್ಯ ಗ್ರಂಥಗಳು, 75.6 ಅವೇ ದೇಶವಾರು, 76.25 ಸಲಿಂಗಾಸಕ್ತಿಯ ಸಾಮಾನ್ಯ ಗ್ರಂಥಗಳು, 76.3 ದೇಶವಾರು. ಟ್ರಾನ್ಸ್‌ಜೆಂಡರ್ ಇತಿಹಾಸ ಪಕ್ಕದಲ್ಲೇ, 77.9ರಲ್ಲಿ. 76.3ರ ಮುಂದೆ ನಿಂತು ಅರ್ಧ ಗಂಟೆ ಒಂದೊಂದೇ ಎಳೆದು ನೋಡಿದರೆ ಯಾವ ಆನ್‌ಲೈನ್ ಹುಡುಕಾಟವೂ ತೋರಿಸದ ಪುಸ್ತಕಗಳು ಕಣ್ಣಿಗೆ ಬೀಳುತ್ತವೆ.

ಹಂತ 6: ಬೇರೆಯವರು ಸೋಸಿಟ್ಟ ಪಟ್ಟಿಗಳು

ಪುಸ್ತಕ ಮಾರುವ ಸೈಟುಗಳ ‘ಟಾಪ್’ ಪಟ್ಟಿ ಮಾರಾಟದ ಅಳತೆ, ಗುಣಮಟ್ಟದ್ದಲ್ಲ. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. 2009ರ ಏಪ್ರಿಲ್‌ನಲ್ಲಿ ಅಮೆಜಾನ್‌ನಲ್ಲಿ ಗೇ, ಲೆಸ್ಬಿಯನ್ ವಿಷಯದ ಸಾವಿರಾರು ಪುಸ್ತಕಗಳು ‘ವಯಸ್ಕರದ್ದು’ ಎಂಬ ವರ್ಗಕ್ಕೆ ಸೇರಿಹೋಗಿ ಮಾರಾಟದ ಕ್ರಮಾಂಕವನ್ನೇ ಕಳೆದುಕೊಂಡವು. ಬೇರೆ ವಿಷಯಗಳೂ ಸೇರಿ 57,310 ಪುಸ್ತಕಗಳಿಗೆ ಹೀಗಾಯಿತು, ಇದು ಕ್ಯಾಟಲಾಗ್ ಮಾಡುವಾಗಿನ ತಪ್ಪು ಎಂದು ಕಂಪನಿ ಆಗ ಹೇಳಿತು. ಹುಡುಕುವಾಗ ‘ಸೇಫ್ ಸರ್ಚ್’ ಬಗೆಯ ಫಿಲ್ಟರ್ ಹಾಕಿದ್ದರೆ ಗಂಭೀರ ಇತಿಹಾಸ ಪುಸ್ತಕಗಳೂ ಮರೆಯಾಗಬಹುದು. ಪಟ್ಟಿ ಬೋಳು ಬೋಳಾಗಿ ಕಂಡರೆ ಮೊದಲು ಫಿಲ್ಟರ್ ಪರೀಕ್ಷಿಸಿ.

ಪ್ರಶಸ್ತಿ ಪಟ್ಟಿಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಅಮೆರಿಕದ ಗ್ರಂಥಾಲಯ ಸಂಘದ ಸ್ಟೋನ್‌ವಾಲ್ ಪುಸ್ತಕ ಪ್ರಶಸ್ತಿಯ ಬೇರು 1971ಕ್ಕೆ ಹೋಗುತ್ತದೆ. ಲ್ಯಾಂಬ್ಡಾ ಸಾಹಿತ್ಯ ಪ್ರಶಸ್ತಿ 1989ರಿಂದ ಇದೆ. ಇವುಗಳ ಕಾದಂಬರಿ ವಿಭಾಗ ಬಿಟ್ಟು ಕಥೇತರ ವಿಭಾಗದ ವಿಜೇತರನ್ನೂ ಅಂತಿಮ ಸುತ್ತಿಗೆ ಬಂದವರನ್ನೂ ಗುರುತು ಹಾಕಿಕೊಳ್ಳಿ. ವಿಶ್ವವಿದ್ಯಾಲಯಗಳು ಬಯಲಿಗಿಟ್ಟ ಕೋರ್ಸ್ ಪಠ್ಯಸೂಚಿಗಳು ಇನ್ನೂ ಒಳ್ಳೆಯವು. ಮೂರು ಬೇರೆ ಬೇರೆ ಕಡೆಯ ಪದವಿ ಹಂತದ ಪಠ್ಯಸೂಚಿ ತೆಗೆದು, ಮೂರರಲ್ಲೂ ಬರುವ ಪುಸ್ತಕಗಳನ್ನು ನೋಡಿ. ಪಠ್ಯಸೂಚಿಯಲ್ಲಿ ಇಡೀ ಪುಸ್ತಕ ಹೇಳಿದ್ದಾರೋ ಒಂದೇ ಅಧ್ಯಾಯವೋ ಎಂಬುದೂ ಸುಳಿವೇ. ಒಂದೇ ಅಧ್ಯಾಯ ಹೇಳಿದ್ದರೆ ಪುಸ್ತಕ ಹೊಸಬರಿಗೆ ಕಠಿಣವಿರಬಹುದು.

ಸಮುದಾಯದವರೇ ಕಟ್ಟಿದ ದಾಖಲಾಗಾರಗಳೂ ಓದುವ ಪಟ್ಟಿ, ಪ್ರದರ್ಶನಗಳನ್ನು ಆನ್‌ಲೈನ್‌ನಲ್ಲಿ ಇಡುತ್ತವೆ. ನ್ಯೂಯಾರ್ಕಿನ ಲೆಸ್ಬಿಯನ್ ಹರ್‌ಸ್ಟೋರಿ ಆರ್ಕೈವ್ಸ್ 1974ರಲ್ಲಿ ಹುಟ್ಟಿದ್ದು, ಮೊದಲ ವರ್ಷಗಳಲ್ಲಿ ಅದಿದ್ದದ್ದು ಜೋನ್ ನೆಸ್ಲೆಯವರ ಮನೆಯಲ್ಲಿ. ಲಾಸ್ ಏಂಜಲೀಸಿನ ಒನ್ ಆರ್ಕೈವ್ಸ್, ಬರ್ಲಿನ್ನಿನ ಶ್ವೂಲೆಸ್ ಮ್ಯೂಸಿಯಂ, ಆಮ್‌ಸ್ಟರ್‌ಡ್ಯಾಮಿನ ಇಹ್ಲಿಯಾ ಇನ್ನು ಕೆಲವು. ‘ಹೋಮೋಸಾರಸ್’ ಎಂಬ ವಿಷಯಪದಗಳ ಕೋಶದ ಬೇರು ಇರುವುದು ಇಹ್ಲಿಯಾದಲ್ಲೇ. ಸಾಮಾನ್ಯ ಕ್ಯಾಟಲಾಗ್ ಪದಗಳು ಸೋತಾಗ ಸರಿಯಾದ ಪದ ಯಾವುದೆಂದು ನೋಡಲು ಅದು ಒದಗುತ್ತದೆ.

ಹಂತ 7: ಇಪ್ಪತ್ತು ನಿಮಿಷದ ಪರೀಕ್ಷೆ

ಪುಸ್ತಕ ಕೈಗೆ ಬಂದಾಗ, ಇಲ್ಲವೇ ಗೂಗಲ್ ಬುಕ್ಸ್, ಇಂಟರ್ನೆಟ್ ಆರ್ಕೈವ್‌ಗಳಲ್ಲಿ ಒಳಪುಟ ನೋಡಲು ಸಿಕ್ಕಾಗ, ಓದಲು ಕೂರುವ ಮೊದಲು ಒಂದಿಷ್ಟು ತಡಕಾಡಿ.

ಮೊದಲು ಹಕ್ಕುಸ್ವಾಮ್ಯದ ಪುಟ. ಮರುಮುದ್ರಣವೋ ಪರಿಷ್ಕೃತ ಆವೃತ್ತಿಯೋ ಎಂಬುದು ಅಲ್ಲಿರುತ್ತದೆ. ಸೂಸನ್ ಸ್ಟ್ರೈಕರ್ ಅವರ ‘ಟ್ರಾನ್ಸ್‌ಜೆಂಡರ್ ಹಿಸ್ಟರಿ’ 2008ರದ್ದಕ್ಕೂ 2017ರ ಎರಡನೇ ಆವೃತ್ತಿಗೂ ನಡುವೆ ಒಂದು ದಶಕದ ಬದಲಾವಣೆ ಇದೆ, ಹಳೆಯ ಪ್ರತಿ ಅಗ್ಗವಾಗಿ ಸಿಕ್ಕಿತೆಂದು ಕೊಳ್ಳಬೇಡಿ. ಹೊಸ ಮುಖಪುಟ ಹಾಕಿದ ಮರುಮುದ್ರಣವನ್ನು ಹೊಸ ಪುಸ್ತಕ ಎಂದುಕೊಳ್ಳುವುದೂ ಉಂಟು.

ಆಮೇಲೆ ಪದಸೂಚಿ. ‘ಲೆಸ್ಬಿಯನ್’ ಎಂಬಲ್ಲಿ ಎಷ್ಟು ಪುಟ ಸಂಖ್ಯೆಗಳಿವೆ, ಅವು ಪುಸ್ತಕದುದ್ದಕ್ಕೂ ಹರಡಿವೆಯೋ ಒಂದೇ ಅಧ್ಯಾಯದಲ್ಲಿ ಗುಂಪಾಗಿವೆಯೋ ನೋಡಿ. 180ರಿಂದ 204ರವರೆಗೆ ಒಂದೇ ಮುದ್ದೆ, ಬೇರೆಲ್ಲೂ ಇಲ್ಲ ಎಂದಾದರೆ ಅದು ಗಂಡಸರ ಇತಿಹಾಸ, ಹೆಂಗಸರ ಮೇಲೊಂದು ಅನುಬಂಧ. ‘ಜಗತ್ತಿನ ಇತಿಹಾಸ’ ಎಂದು ಹೇಳಿಕೊಳ್ಳುವ ಪುಸ್ತಕದಲ್ಲಿ ಚೀನಾ, ಜಪಾನ್, ಭಾರತ, ಆಫ್ರಿಕಾ, ಒಟ್ಟೊಮನ್ ಸಾಮ್ರಾಜ್ಯ ಎಂದು ಹುಡುಕಿ. ಇವೆಲ್ಲಕ್ಕೂ ಸೇರಿ ಹತ್ತು ಪುಟ ಸಿಕ್ಕಿದರೆ ಅದು ಯುರೋಪ್ ಮತ್ತು ಅಮೆರಿಕದ ಇತಿಹಾಸ, ಹೆಸರು ಮಾತ್ರ ದೊಡ್ಡದು. ಆಗ ಆ ಪ್ರದೇಶಗಳಿಗೆ ಬೇರೆಯೇ ಪುಸ್ತಕ ಬೇಕು: ಚೀನಾಕ್ಕೆ ಬ್ರೆಟ್ ಹಿಂಚ್ (1990), ತೊಕುಗಾವ ಕಾಲದ (1603–1868) ಜಪಾನಿಗೆ ಗ್ಯಾರಿ ಲ್ಯೂಪ್ (1995), 1500ರಿಂದ 1800ರವರೆಗಿನ ಅರಬ್ ಲೋಕಕ್ಕೆ ಖಾಲಿದ್ ಎಲ್-ರುವಾಯಹೆಬ್ (2005), ಆಫ್ರಿಕಾ ಖಂಡದ ದಕ್ಷಿಣ ಭಾಗಕ್ಕೆ ಮಾರ್ಕ್ ಎಪ್‌ರೆಕ್ಟ್ (2004), ಹೆಂಗಸರ ಜಾಗತಿಕ ಇತಿಹಾಸಕ್ಕೆ ಲೀಲಾ ರಪ್ ಅವರ ‘ಸ್ಯಾಫಿಸ್ಟ್ರೀಸ್’ (2009).

ಮೂರನೆಯದಾಗಿ ಕೆಲವು ಸಂಗತಿಗಳನ್ನು ತಾಳೆ ನೋಡಿ. ಚಳವಳಿ 1969ರ ಜೂನ್ 28ರಂದು, ಪೊಲೀಸ್ ದಾಳಿಯ ವಿರುದ್ಧ ಗಲಭೆ ಎದ್ದ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನಲ್ಲಿ ಹುಟ್ಟಿತು ಎಂದು ಪುಸ್ತಕ ಬರೆದುಬಿಟ್ಟಿದ್ದರೆ ಎಚ್ಚರ. ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಬರ್ಲಿನ್ನಿನಲ್ಲಿ ಸಂಘಟನೆ ಕಟ್ಟಿದ್ದು 1897ರಲ್ಲಿ. ಅಮೆರಿಕದಲ್ಲೇ ಮ್ಯಾಟಶೀನ್ ಸೊಸೈಟಿ 1950ರಲ್ಲಿ, ಹೆಂಗಸರ ಡಾಟರ್ಸ್ ಆಫ್ ಬಿಲಿಟಿಸ್ 1955ರಲ್ಲಿ ಬಂದಿದ್ದವು. ನಾಜಿ ಕಾಲದ ಅಧ್ಯಾಯ 1945ಕ್ಕೆ ಮುಗಿದುಬಿಟ್ಟರೆ ಅದೂ ಅರೆಬರೆ. 1935ರಲ್ಲಿ ನಾಜಿಗಳು ಬಿಗಿಗೊಳಿಸಿದ 175ನೇ ಕಲಮು ಪಶ್ಚಿಮ ಜರ್ಮನಿಯಲ್ಲಿ ಅದೇ ರೂಪದಲ್ಲಿ 1969ರವರೆಗೆ ಉಳಿಯಿತು, ಪೂರ್ತಿ ರದ್ದಾದದ್ದು 1994ರಲ್ಲಿ. ಬ್ರಿಟನ್ 1967ರಲ್ಲಿ ಕಾನೂನು ಸಡಿಲಿಸಿತು ಎಂದಷ್ಟೇ ಬರೆದಿದ್ದರೂ ತಪ್ಪೇ. ಅದು ಇಂಗ್ಲೆಂಡ್, ವೇಲ್ಸ್‌ಗಳಿಗೆ ಮಾತ್ರ. ಸ್ಕಾಟ್‌ಲೆಂಡ್ 1980ರವರೆಗೆ, ಉತ್ತರ ಐರ್ಲೆಂಡ್ 1982ರವರೆಗೆ ಕಾಯಬೇಕಾಯಿತು. ಬ್ರಿಟಿಷರು 1860ರಲ್ಲಿ ಭಾರತದ ದಂಡಸಂಹಿತೆಯಲ್ಲಿ ಬರೆದ 377ನೇ ಕಲಮು ಬೇರೆ ವಸಾಹತುಗಳಿಗೂ ಹರಡಿದ್ದನ್ನು ಹೇಳದ ಕಾನೂನಿನ ಇತಿಹಾಸ ಪೂರ್ತಿಯಾದದ್ದಲ್ಲ.

ಕೊನೆಗೆ, ಪುರಾತನರನ್ನು ಲೇಖಕರು ಏನೆಂದು ಕರೆಯುತ್ತಾರೆ ಗಮನಿಸಿ. ಇತಿಹಾಸಕಾರ ಜಾನ್ ಬಾಸ್ವೆಲ್ 1980ರಲ್ಲಿ ಮಧ್ಯಯುಗದವರಿಗೂ ‘ಗೇ’ ಎಂಬ ಪದವನ್ನೇ ಬಳಸಿದರು. ಜೆಫ್ರಿ ವೀಕ್ಸ್ ಥರದವರು ಗೇ ಎಂಬ ಗುರುತೇ ಆಧುನಿಕ ಕಾಲದ ಸೃಷ್ಟಿ ಎಂದರು. ಈ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಪುಸ್ತಕ ಯಾವ ಕಡೆಗಾದರೂ ಇರಲಿ, ಜಗಳವಿದೆ ಎಂಬುದನ್ನಾದರೂ ಅದು ಓದುಗರಿಗೆ ತಿಳಿಸಬೇಕು. ಸ್ಯಾಫೋ, ಮೈಕೆಲೆಂಜೆಲೋ, ಅಲೆಕ್ಸಾಂಡರ್ ಎಂದು ಹೆಸರುಗಳ ಮೆರವಣಿಗೆ ಹೊರಡಿಸಿ ಒಂದಕ್ಕೂ ಅಡಿಟಿಪ್ಪಣಿ ಕೊಡದ ಪುಸ್ತಕವನ್ನು ಅಲ್ಲೇ ಕೆಳಗಿಡಬಹುದು. ಲೇಖಕರ ಪರಿಚಯವಿಲ್ಲದ, ಗ್ರಂಥಸೂಚಿ ಇಲ್ಲದ, ಪ್ರಸಿದ್ಧ ಪುಸ್ತಕದ ಹೆಸರನ್ನೇ ಹೋಲುವ ‘ಸಾರಾಂಶ’ ಪುಸ್ತಕಗಳು ಆನ್‌ಲೈನ್‌ನಲ್ಲಿ ತುಂಬಿಕೊಂಡಿವೆ. ಕೊಳ್ಳುವ ಮೊದಲು ಪ್ರಕಾಶಕರ ಹೆಸರು, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಎರಡನ್ನೂ ಗ್ರಂಥಾಲಯದ ಕ್ಯಾಟಲಾಗ್ ಜೊತೆ ಹೋಲಿಸಿ.

ಹಳೆಯ ಪುಸ್ತಕಗಳಲ್ಲಿ ಇನ್ನೊಂದು ಬಗೆಯಿದೆ. ಗಣಿತಕ್ಕೆ ಹೆಸರಾದ ಶಕುಂತಲಾ ದೇವಿ 1977ರಲ್ಲಿ ‘ದ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’ ಎಂಬ ಪುಸ್ತಕ ತಂದರು. ಇಂದು ಅದನ್ನು ಇತಿಹಾಸ ಕಲಿಯಲೆಂದು ಓದುವುದಕ್ಕಿಂತ ಆ ಕಾಲದ ಒಂದು ದಾಖಲೆ ಎಂದು ಓದುವುದು ಸರಿ. ಹಳೆಯದನ್ನೆಲ್ಲ ಎಸೆಯಬೇಕಿಲ್ಲ, ಯಾವ ಸಾಲಿನಲ್ಲಿ ಇಡಬೇಕೆಂದು ತಿಳಿದಿದ್ದರಾಯಿತು.

ಹಂತ 8: ಒಂದರಿಂದ ಇನ್ನೊಂದಕ್ಕೆ

ಶುರುವಿಗೆ ಮೂರು ಪುಸ್ತಕ ಸಾಕು: ಒಂದು ಸಮೀಕ್ಷೆ, ಹೆಂಗಸರ ಮೇಲೆಯೇ ಇರುವ ಒಂದು, ಒಂದು ಊರು ಅಥವಾ ಕಾಲದ ಮೇಲಿನ ಒಂದು. ಹತ್ತು ಒಟ್ಟಿಗೆ ತಂದರೆ ಹತ್ತರ ಮುನ್ನುಡಿ ಓದಿ ನಿಲ್ಲುತ್ತೀರಿ. ಸಮೀಕ್ಷೆ ಓದುವಾಗ ಯಾವ ಅಧ್ಯಾಯ ಹಿಡಿದು ಕೂರಿಸಿತೋ ಅದರ ಟಿಪ್ಪಣಿಗಳಿಗೆ ಹೋಗಿ, ಪದೇ ಪದೇ ಬರುವ ಎರಡು ಪುಸ್ತಕಗಳ ಹೆಸರು ಬರೆದುಕೊಳ್ಳಿ. ಇದು ಹಿಂದಕ್ಕೆ ಹೋಗುವ ದಾರಿ. ಮುಂದಕ್ಕೆ ಹೋಗಲು ಗೂಗಲ್ ಸ್ಕಾಲರ್‌ನಲ್ಲಿ ಆ ಪುಸ್ತಕದ ಕೆಳಗಿರುವ ‘ಸೈಟೆಡ್ ಬೈ’ ಒತ್ತಿ, ಆಮೇಲಿನವರು ಅದನ್ನು ಒಪ್ಪಿದರೋ ತಿದ್ದಿದರೋ ನೋಡಿ. ‘ಜರ್ನಲ್ ಆಫ್ ದ ಹಿಸ್ಟರಿ ಆಫ್ ಸೆಕ್ಷುಯಾಲಿಟಿ’ ಥರದ ಪತ್ರಿಕೆಗಳಲ್ಲಿ ಬರುವ ಎರಡು ಮೂರು ಪುಟದ ವಿಮರ್ಶೆಗಳು ಇದಕ್ಕೆ ಬಹಳ ಅನುಕೂಲ.

ಪುಸ್ತಕ ಸಿಗದಿದ್ದರೆ, ಸಿಕ್ಕದ್ದನ್ನು ಮನೆಗೆ ತರಲಾಗದಿದ್ದರೆ

ಅಚ್ಚಿನಲ್ಲಿಲ್ಲದ ಪುಸ್ತಕಕ್ಕೆ ಅಂತರ ಗ್ರಂಥಾಲಯ ಎರವಲು ಕೇಳಿ. ಅರ್ಜಿಯಲ್ಲಿ ಐಎಸ್‌ಬಿಎನ್, ಆವೃತ್ತಿ, ವರ್ಷ ಮೂರನ್ನೂ ಬರೆಯಬೇಕು, ಇಲ್ಲವಾದರೆ ಹಳೆಯ ಆವೃತ್ತಿ ಬಂದೀತು. 1970ಕ್ಕಿಂತ ಮುಂಚಿನ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದಿಲ್ಲ, ಅಂಥವಕ್ಕೆ ಪ್ರಕಾಶಕರ ಹೆಸರು ಕೊಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಗಂಟೆಯ ಲೆಕ್ಕದಲ್ಲಿ ಎರವಲು ಸಿಗುವ ಪ್ರತಿಗಳಿವೆ, ಆದರೆ ಪ್ರಕಾಶಕರ ಮೊಕದ್ದಮೆಯ ನಂತರ ಲಕ್ಷಾಂತರ ಪುಸ್ತಕಗಳು ಎರವಲಿನಿಂದ ಹೊರಬಿದ್ದಿವೆ. ಇಡೀ ಪುಸ್ತಕ ಸಿಗದಿದ್ದರೆ ಲೇಖಕರು ಅದೇ ವಿಷಯದ ಮೇಲೆ ಮೊದಲು ಪತ್ರಿಕೆಗೆ ಬರೆದ ಲೇಖನ ಹುಡುಕಿ. ಇಂಥ ಅನೇಕ ಪುಸ್ತಕಗಳ ಮುಖ್ಯ ವಾದ ಮೊದಲು ಲೇಖನವಾಗಿಯೇ ಬಂದಿರುತ್ತದೆ.

ಮನೆಯವರ ಕಣ್ಣಿಗೆ ಬೀಳಬಾರದು ಎನ್ನುವವರು ಕೆಲವನ್ನು ಮೊದಲೇ ನೋಡಿಕೊಳ್ಳಬೇಕು. ಗ್ರಂಥಾಲಯದ ಖಾತೆಯಲ್ಲಿ ಎರವಲಿನ ಇತಿಹಾಸ ಉಳಿಸುವ ಸೆಟ್ಟಿಂಗ್ ಇದ್ದರೆ ಆರಿಸಿಡಿ. ಪುಸ್ತಕ ಬಂದಿದೆ, ಗಡುವು ಮುಗಿಯಿತು ಎಂಬ ಸೂಚನೆಗಳು ಯಾರ ಫೋನಿಗೆ, ಯಾವ ಇಮೇಲಿಗೆ ಹೋಗುತ್ತವೆ ಪರೀಕ್ಷಿಸಿ, ಏಕೆಂದರೆ ಅದರಲ್ಲಿ ಪುಸ್ತಕದ ಹೆಸರು ಇರುತ್ತದೆ. ಮನೆಮಂದಿಯೆಲ್ಲ ಒಂದೇ ಖಾತೆ ಬಳಸುವ ಅಂಗಡಿ ಸೈಟಿನಲ್ಲಿ ಹುಡುಕಿದ್ದು ಶಿಫಾರಸುಗಳಾಗಿ ಬೇರೆಯವರ ಪರದೆಯಲ್ಲಿ ಎದ್ದು ಬರುತ್ತದೆ. ಒಂದೇ ಖಾತೆಗೆ ಕಟ್ಟಿದ ಇ-ರೀಡರುಗಳಲ್ಲಿ ಕೊಂಡ ಪುಸ್ತಕ ಎಲ್ಲ ಸಾಧನಗಳಲ್ಲೂ ಕಾಣಿಸಿಕೊಳ್ಳಬಹುದು. ಇಷ್ಟೆಲ್ಲ ತಲೆನೋವು ಬೇಡವೆಂದರೆ ಗ್ರಂಥಾಲಯದಲ್ಲೇ ಕೂತು ಓದಿ. ಪುಟ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಮಾರನೆಯ ದಿನ ಅಲ್ಲಿಂದಲೇ ಮುಂದುವರಿಸಬಹುದು.